ಕೆಂಚಿ ಮುಧೋಳನೋ, ಹಟ್ಟಿ ನಾಯಿನೋ? ಆಪರೇಷನ್‌ಗಿಂತ ಮೊದ್ಲು ತಿಳೀಬೇಕಾಗೇತಿ

ಕನಕಗಿರಿ ಹೊಲದಾಕಿ:

ನಮ್ಮ ಹೊಲ ಕನಕಗಿರಿಯಿಂದ ತಾವರಗೇರಾ ಕಡೆ ಹೋಗೋ ದಾರ್ಯಾಗ ಐತಿ. ಶೇಂಗಾ, ಸಜ್ಜಿ, ನಡುವ ಒಂದಿಷ್ಟು ತೊಗರಿ. ಆ ಹೊಲದ ಯಜಮಾನಿ ಕೆಂಚಿ, ನಮ್ಮ ನಾಯಿ. ಮೂರು ವರ್ಷದಾಕಿ. ಸುಗ್ಗಿ ಮುಗಿದ ಮ್ಯಾಲ ಗೊಬ್ಬರಕ್ಕಂತ ಹೊಲದಾಗ ಕುರಿ ನಿಲ್ಲಿಸಿದ್ದ ಕುರಿಗಾರರು ಹೋಗೋ ಮುಂದ ಅಪ್ಪನ ಕೈಯಾಗ ಒಂದು ಮರಿ ಇಟ್ಟು, "ಮುಧೋಳ ಐತ್ರಿ ಗೌಡ್ರ, ಚಲೋ ಸಾಕ್ರಿ" ಅಂದು ಹೋದ್ರು. ಅವತ್ತಿನಿಂದ ಅಪ್ಪನ ಬಾಯಾಗ ಅಕಿ ಮುಧೋಳನ.

ಈಗ ಯಾಕ ಕೇಳಾಕತ್ತೀನಿ ಅಂದ್ರ, ಮರಿ ಆಗದಂಗ ಅಕಿಗೆ ಆಪರೇಷನ್ ಮಾಡಿಸ್ಬೇಕು ಅಂತ ನಾನು, ಅವ್ವ ಕೂಡಿ ಠರಾಯಿಸೀವಿ. ಡಾಕ್ಟರ್ ಅಕೀನ ನೋಡಿದ್ದ ತಡ, "ಇದು ಹೌಂಡ್ ಏನು?" ಅಂದ್ರು. ಹೌಂಡ್, ಅಂದ್ರ ಮುಧೋಳದಂಥ ಓಟದ ಬೇಟೆ ನಾಯಿ, ಆದ್ರ ಮತ್ತಿನ ಔಷಧ ವಿಚಾರ ಮಾಡಿ ಕೊಡ್ಬೇಕಂತ. ಅಪ್ಪಗ ಅಷ್ಟ ಸಾಕಾತು. "ಡಾಕ್ಟರೇ ಹೌಂಡ್ ಅಂತಾರ, ಅಂಥಾಕಿಗೆ ಆಪರೇಷನ್ ಯಾಕ? ಒಂದು ಸಲ ಮರಿ ಹಾಕ್ಲಿ." ತಮ್ಮಗಂತೂ ಗಂಗಾವತಿಯಿಂದ ಯಾರೋ ಈಗ್ಲೇ ಫೋನ್ ಮಾಡಿ, ಮರಿ ಆದ್ರ ರೊಕ್ಕ ಕೊಟ್ಟು ಒಯ್ತೀನಿ ಅಂದಾರ. ಅಪ್ಪಟ ಅಲ್ಲ ಅಂತ ಗೊತ್ತಾದ್ರ ಇಬ್ರೂ ಸುಮ್ನಾಗ್ತಾರ. ಅಪ್ಪಟ ಆದ್ರ ನನ್ನ ಮಾತು ನಡ್ಯಂಗಿಲ್ಲ.

ಲಕ್ಷಣ ಹೇಳ್ತೀನಿ. ಭುಜದ ಎತ್ತರ 22 ಇಂಚು. ಅಪ್ಪ ಟೇಪ್ ಸಡ್ಲ ಬಿಟ್ಟು 24 ಅಂದ, ಆದ್ರ ನಾನು ಗ್ವಾಡಿಗೆ ನಿಲ್ಲಿಸಿ ಗೆರಿ ಹೊಡದು ಅಳದೀನಿ. ಶೇಂಗಾ ಚೀಲ ತೂಗೋ ಕಾಟಾದ ಮ್ಯಾಲ ನಿಲ್ಲಿಸಿದ್ರ 17 ಕಿಲೋ. ಮೈ ಕೆಂಪು, ಎದಿ ಮತ್ತ ನಾಕೂ ಪಾದ ಬಿಳಿ, ಕೂದಲ ಗಿಡ್ಡ. ಮೂತಿ ಉದ್ದ, ಎದಿ ಆಳ, ಹೊಟ್ಟಿ ಒಳಗ ಸೇರೇತಿ. ಬಂದ ಬೀಗರೆಲ್ಲ "ನಾಯಿಗೆ ಕೂಳು ಹಾಕಂಗಿಲ್ಲೇನು?" ಅಂತ ಅವ್ವಗ ಕೇಳಿ ಕೇಳಿ ಅಕಿಗೆ ಸಿಟ್ಟು ಬಂದೈತಿ. ದಿನಕ್ಕ ನಾಕು ರೊಟ್ಟಿ ಮಜ್ಜಿಗ್ಯಾಗ ಕಲಸಿ ತಿಂತಾಳ್ರಿ ಕೆಂಚಿ. ಕಿವಿ ಅರ್ಧಕ್ಕ ಮಡಚಿರ್ತಾವ, ಏನಾರ ಸಪ್ಪಳಾದ್ರ ಎಡಗಿವಿ ಒಂದ ನಿಲ್ತೈತಿ. ಬಾಲ ಓಡೋ ಮುಂದ ನೆಟ್ಟಗ, ನಿಂತಾಗ ಕುಡಗೋಲಿನಂಗ ಬೆನ್ನ ಮ್ಯಾಲ ಬಾಗ್ತೈತಿ. ಹಿಂಗಾಲಿಗೂ ಐದನೇ ಉಗುರು ಅದಾವ.

ಹಂದಿ ಬಂದ್ರ ಬೊಗಳಂಗಿಲ್ಲ. ಮೊದ್ಲು ಓಡೋದು, ಆಮ್ಯಾಲ ಬೊಗಳೋದು. ಅದಕ್ಕ ನಮಗ ಅಂಜಿಕಿ.

ಇನ್ನೊಂದು. ಅಕಿ ಜೋಡಿ ಹುಟ್ಟಿದ ಗಂಡು ಮರಿ ಬಾಜು ಹೊಲದಾಗ ಐತಿ. ಗಿಡ್ಡ, ದಪ್ಪ ಕುತ್ತಿಗಿ, ಬಾಲ ಪೂರಾ ಸುರುಳಿ. ಇಬ್ರನ್ನೂ ಜೋಡಿ ನಿಲ್ಲಿಸಿದ್ರ ಅಣ್ಣ ತಂಗಿ ಅಂತ ಯಾರೂ ನಂಬಂಗಿಲ್ಲ.

ಹಟ್ಟಿ ಹುಡುಗ, ಕುಷ್ಟಗಿ:

ಅಕ್ಕಾರ, ನಾನು ಕುರಿ ಹಿಂದ ಬೆಳದಾಂವ. ಒಂದು ಮಾತು ಹೇಳ್ತೀನಿ, ಅಪ್ಪಾರಿಗೆ ಬೇಜಾರಾಗ್ಬಾರ್ದು. ಅಪ್ಪಟ ಮುಧೋಳ ಮರಿನ ಯಾವ ಕುರಿಗಾರನೂ ಪುಕ್ಕಟ ಕೊಡಂಗಿಲ್ಲ.

ಮತ್ತ ನಾವು ಕುರಿ ಕಾಯಾಕ ಮುಧೋಳ ಇಡೋದು ಕಡಿಮಿ. ಅದು ಕಣ್ಣಿಗೆ ಬಿದ್ದದ್ದರ ಹಿಂದ ಓಡೋ ನಾಯಿ. ರಾತ್ರಿ ತೋಳ ಬಂದಾಗ ನಮಗ ಬೇಕಾದ್ದು ಹಟ್ಟಿ ಬಿಟ್ಟು ಕದಲದ, ಊರಿಗೆ ಕೇಳಂಗ ಬೊಗಳೋ ನಾಯಿ. ಆದ್ರ ಒಬ್ಬೊಬ್ರು ಮೊಲದ ಆಸೆಗೆ ಒಂದು ಕರವಾನಿ, ಅಂದ್ರ ಮುಧೋಳ ಥರದ ಓಟದ ನಾಯಿ, ಇಟ್ಕೊಂಡಿರ್ತಿದ್ರು. ಈಗ ಬೇಟೆ ಅಂದ್ರ ಕೇಸು, ನಾಯಿ ಮಾತ್ರ ಉಳದಾವ. ಆ ಕರವಾನಿ, ಹಟ್ಟಿ ನಾಯಿ ಎಲ್ಲಾ ಒಂದ ಕಡೆ ಮಲಗ್ತಾವ. ಕೆಂಚಿ ಹಂಗ ಹುಟ್ಟಿದಾಕಿ ಅಂತ ನನ್ನ ಲೆಕ್ಕ. ಅಂಥ ಮಿಶ್ರ ನಾಯಿನ ನಮ್ಮ ಬಿಸಲಿಗೆ ಚಲೋ, ಇದು ಸುಳ್ಳಲ್ಲ.

ಕೌಲ್ ಬಜಾರ್, ಬಳ್ಳಾರಿ:

ಎಲ್ಲರೂ ಮುಧೋಳ ಮುಧೋಳ ಅಂತೀರಲ್ಲ, ಪಂದಿಕೋನ ಯಾಕೆ ಯಾರಿಗೂ ನೆನಪಾಗಲಿಲ್ಲ? ಬಳ್ಳಾರಿಯಿಂದ ಆಲೂರು ದಾಟಿ ಹೋದರೆ ಪತ್ತಿಕೊಂಡ, ಕರ್ನೂಲು ಜಿಲ್ಲೆ. ಅಲ್ಲಿನ ಪಂದಿಕೋನ ಅನ್ನೋ ಊರಿನ ಹೆಸರಲ್ಲೇ ಒಂದು ನಾಯಿ ಇದೆ. ನಮ್ಮ ಸೋದರಮಾವನ ಮನೆಯಲ್ಲಿ ಎರಡಿವೆ. ಮಧ್ಯಮ ಎತ್ತರ, ಗಿಡ್ಡ ಕೂದಲು, ಕಾವಲಿಗೆ ಬಹಳ ಖಡಕ್, ಹೊರಗಿನವರನ್ನು ಹತ್ತಿರಕ್ಕೂ ಬಿಡಲ್ಲ. 22 ಇಂಚು, ಬಾಗಿದ ಬಾಲ ಅಂದ ಕೂಡಲೇ ನನಗೆ ಅವೇ ಕಣ್ಣ ಮುಂದೆ ಬಂದವು. ಕೆಂಚಿ ಹೊಸಬರಿಗೆ ಏನು ಮಾಡ್ತಾಳೆ?

ಕನಕಗಿರಿ ಹೊಲದಾಕಿ:

ಹೊಸಬರಿಗಾ? ಬೀಗರ ತೊಡಿ ಮ್ಯಾಲ ತಲಿ ಇಟ್ಟು ಮಲಗ್ತಾಳ. ಕಾವಲು ಅಂದ್ರ ಹಂದಿ, ನರಿಗೆ ಅಷ್ಟ. ಶೇಂಗಾ ಕದಿಯಾಕ ಬಂದ ಮನಷ್ಯಾಗ ಅಕಿ ದಾರಿ ತೋರಿಸ್ತಾಳ.

ಕೌಲ್ ಬಜಾರ್, ಬಳ್ಳಾರಿ:

ಹಾಗಾದರೆ ಪಂದಿಕೋನ ಅಲ್ಲ. ನನ್ನ ಮಾತು ವಾಪಸ್.

ಗಂಗಾವತಿ ಗುಡ್ಡದ ಕಡೆಯವ:

ಬಂಕಾಪುರದ ತೋಳಧಾಮ ನಿಮ್ಮ ಕೊಪ್ಪಳ ಜಿಲ್ಲೆಯಲ್ಲೇ ಇದೆ. ಹಿಂಗಾಲಿಗೆ ಐದನೇ ಉಗುರು, ಬೊಗಳದೆ ಓಡೋದು... ತೋಳದ ಮಿಶ್ರ ಇರಬಹುದಾ ನೋಡಿ.

ಪಶುವೈದ್ಯ, ರಾಯಚೂರು:

ತೋಳದ ಮಾತು ಮೊದಲು ಮುಗಿಸೋಣ. ನಾಯಿ ಮತ್ತು ತೋಳ ಕೂಡಿದ ಮರಿಗಳು ಪುಣೆ ಕಡೆ ಪತ್ತೆಯಾಗಿವೆ, ಅಸಾಧ್ಯ ಅಂತಲ್ಲ. ಆದರೆ ಹಿಂಗಾಲಿನ ಐದನೇ ಉಗುರು ಅದಕ್ಕೆ ತದ್ವಿರುದ್ಧ ಸಾಕ್ಷಿ. ತೋಳಕ್ಕೆ ಅದು ಇರುವುದಿಲ್ಲ. ಇದ್ದರೆ ನಾಯಿಯ ರಕ್ತ ಸೇರಿರಬೇಕು ಅಂತಲೇ ಅನುಮಾನ ಪಡುತ್ತಾರೆ. ನಾಯಿಗಳಿಗೆ ಸಾಮಾನ್ಯವಾಗಿ 18 ಉಗುರು, ಕೆಂಚಿಗೆ 20. ಯಾವ ತಳಿಯಲ್ಲೂ ಬರಬಹುದು, ಅದರಿಂದ ತಳಿ ಗೊತ್ತಾಗೋದಿಲ್ಲ.

ಅಣ್ಣ ತಂಗಿ ಬೇರೆ ಬೇರೆ ಕಾಣೋದು ದೊಡ್ಡ ವಿಷಯವಲ್ಲ. ಹೆಣ್ಣು ನಾಯಿ ಒಂದೇ ಬೆದೆಯಲ್ಲಿ ಎರಡು ಮೂರು ಗಂಡುಗಳನ್ನು ಕೂಡಿದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪ ಇರಬಹುದು. ಕುರಿಹಟ್ಟಿಯಲ್ಲಿ ಇದು ತೀರಾ ಸಾಮಾನ್ಯ. ಹಾಗಾಗಿ ಬಾಜು ಹೊಲದ ಅಣ್ಣನನ್ನು ಲೆಕ್ಕಕ್ಕೆ ತಗೋಬೇಡಿ.

ಮುಧೋಳದ ಹೆಣ್ಣು ಸಾಮಾನ್ಯವಾಗಿ 24 ಇಂಚು ದಾಟುತ್ತೆ, ಕಿವಿ ಜೋತು ಬಿದ್ದಿರುತ್ತೆ. ಕೆಂಚಿಯ ಎತ್ತರ, ನಿಲ್ಲುವ ಕಿವಿ, ಬೆನ್ನಿಗೆ ಬಾಗುವ ಬಾಲ ನಮ್ಮ ನಾಡ ನಾಯಿಯದ್ದು. ಉದ್ದ ಮೂತಿ, ಆಳದ ಎದೆ, ಸೇರಿದ ಹೊಟ್ಟೆ, ಕಣ್ಣಿಗೆ ಬಿದ್ದ ತಕ್ಷಣ ಓಡುವ ಚಾಳಿ ಓಟದ ನಾಯಿಯದ್ದು. ಕುಷ್ಟಗಿಯವರ ಲೆಕ್ಕವೇ ನನಗೂ ಸರಿ ಕಾಣುತ್ತೆ. ಫೋಟೋ ಇಲ್ಲದೆ ಇದಕ್ಕಿಂತ ಮುಂದೆ ಹೋಗಲ್ಲ. ಫೋಟೋ ಇದ್ದರೂ ಕಣ್ಣಳತೆಯಲ್ಲಿ ಮಿಶ್ರ ತಳಿ ಹೇಳೋದರಲ್ಲಿ ನಾವು ಡಾಕ್ಟರುಗಳೂ ಬಹಳ ಸಲ ಎಡವುತ್ತೇವೆ. ಎಂಜಲು ತೆಗೆದು ಕಳಿಸುವ ಡಿಎನ್‌ಎ ಪರೀಕ್ಷೆ ಇದೆ, ಆದರೆ ಆ ಕಂಪನಿಯ ಹತ್ತಿರ ಹೋಲಿಸಲು ಮುಧೋಳದ ಮಾದರಿಯೇ ಇಲ್ಲದಿದ್ದರೆ "ಊರ ನಾಯಿ" ಅಂತ ಬರುತ್ತೆ. ಆ ದುಡ್ಡಿಗೆ ಆಪರೇಷನ್ನೇ ಮುಗಿಯಬಹುದು.

ಈಗ ಮುಖ್ಯ ವಿಷಯ. ನಿಮ್ಮ ಡಾಕ್ಟರ್ ಕೇಳಿದ್ದು ಜಾತಿಯ ದೊಡ್ಡಸ್ತಿಕೆಗಲ್ಲ. ಗ್ರೇಹೌಂಡ್‌ನಂಥ ಓಟದ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ, ಮೇಲಾಗಿ ಅವುಗಳ ಯಕೃತ್ತು ಥಯೋಪೆಂಟೋನ್ ಥರದ ಮತ್ತಿನ ಔಷಧವನ್ನು ನಿಧಾನವಾಗಿ ಕರಗಿಸುತ್ತೆ. ಬೇರೆ ನಾಯಿ ಬೇಗ ಏಳುವ ಜಾಗದಲ್ಲಿ ಇವು ಗಂಟೆಗಟ್ಟಲೆ ಮಂಪರಿನಲ್ಲಿರುತ್ತವೆ, ಮೈ ತಣ್ಣಗಾಗುತ್ತೆ. ಅರ್ಧ ಹೌಂಡ್ ಇರಬಹುದು ಅನ್ನೋ ಅನುಮಾನ ಸಾಕು, ಬೇರೆ ಔಷಧ ಆರಿಸುತ್ತಾರೆ. ಅದಕ್ಕೆ ಅಪ್ಪಟವೋ ಅಲ್ಲವೋ ಅಂತ ತೀರ್ಮಾನ ಆಗಬೇಕಿಲ್ಲ. ಆಪರೇಷನ್ ಆದ ಮೇಲೆ ಕಂಬಳಿ ಹೊದಿಸಿ, ಬೇಸಿಗೆಯಾದರೂ ಸರಿ.

ಮರಿ ಮಾರುವ ಮಾತು: 2016ರಲ್ಲಿ ಸೈನ್ಯದವರು ಮುಧೋಳದ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು, 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದರು. ಅಲ್ಲಿಂದ ಸಣಕಲು ನಾಯಿಗಳೆಲ್ಲ ಮುಧೋಳವೇ. ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದಲ್ಲಿ ಇದರ ಹೆಸರು ಕ್ಯಾರವಾನ್ ಹೌಂಡ್. ಅಪ್ಪ ಅಮ್ಮನ ಕಾಗದ ಇಲ್ಲದ ಮರಿಯನ್ನು ಮುಧೋಳ ಅಂತ ಮಾರಿದರೆ ತಗೊಂಡವರು ನಾಳೆ ನಿಮ್ಮ ತಮ್ಮನ ಮನೆ ಬಾಗಿಲಿಗೇ ಬರ್ತಾರೆ. ಅಪ್ಪನಿಗೆ ನಿಜಕ್ಕೂ ಆಸೆ ಇದ್ದರೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ, ಅಲ್ಲಿ ವಿಚಾರಿಸಲಿ.

ಕನಕಗಿರಿ ಹೊಲದಾಕಿ:

ಎಲ್ಲಾ ಓದಿ ಹೇಳ್ದೆ. "ಅರ್ಧ ಅಂದ್ರಲ್ಲ, ಮುಧೋಳ ಐತಿ ಅಂದಂಗಾತು" ಅಂದ ಅಪ್ಪ. ಆದ್ರ ಬಾಗಿಲಿಗೆ ಬರ್ತಾರ ಅನ್ನೋ ಮಾತಿಗೆ ತಮ್ಮ ಗಪ್ ಆಗ್ಯಾನ, ಗಂಗಾವತಿಯವರ ಫೋನ್ ಎತ್ತಾಕತ್ತಿಲ್ಲ. ಆಪರೇಷನ್‌ಗೆ ಅಪ್ಪ ಹೂಂ ಅಂದಾನ. ಒಂದ ಕರಾರು, ಚೀಟ್ಯಾಗ "ಮುಧೋಳ ಮಿಶ್ರ" ಅಂತ ಬರೀಬೇಕಂತ. ಬರೀಲಿ ಬಿಡ್ರಿ.

ಕೆಂಚಿ ಬೆದಿ ಮುಗದು ಇನ್ನೂ ಮೂರು ವಾರ. ಈಗ ಮಾಡಿಸ್ಬಹುದೇನು? ಮತ್ತ ಹಿಂದಿನ ರಾತ್ರಿ ರೊಟ್ಟಿ ಹಾಕ್ಬೇಕೋ ಬ್ಯಾಡೋ?

ಪಶುವೈದ್ಯ, ರಾಯಚೂರು:

ಈಗ ಬೇಡ. ಬೆದೆ ಮುಗಿದು ಎರಡು ಮೂರು ತಿಂಗಳಾಗಲಿ, ರಕ್ತನಾಳಗಳ ಊತ ಇಳಿದಿರುತ್ತೆ. ಈ ಸಲ ಗಂಡು ಕೂಡಿಲ್ಲ ಅನ್ನೋದನ್ನೂ ಅಷ್ಟರಲ್ಲಿ ಖಚಿತ ಮಾಡ್ಕೊಳ್ಳಿ, ನಾಯಿಗೆ ಗರ್ಭ ಸುಮಾರು 63 ದಿನ. ಹಿಂದಿನ ಸಂಜೆ ಬೇಗ ಸ್ವಲ್ಪ ತಿನ್ನಿಸಿ, ರಾತ್ರಿಯೆಲ್ಲ ಹೊಟ್ಟೆ ಖಾಲಿ ಇರಲಿ. ನೀರು ಯಾವಾಗ ನಿಲ್ಲಿಸಬೇಕು ಅಂತ ನಿಮ್ಮ ಡಾಕ್ಟರ್ ಹೇಳ್ತಾರೆ.

ಕನಕಗಿರಿ ಹೊಲದಾಕಿ:

ಅವ್ವ ಕದ್ದು ಹಾಕ್ತಾಳ, ನನಗ ಗೊತ್ತೈತಿ.

ಹಟ್ಟಿ ಹುಡುಗ, ಕುಷ್ಟಗಿ:

ಅವತ್ತು ರಾತ್ರಿ ರೊಟ್ಟಿ ಬುಟ್ಟಿ ನಿಮ್ಮ ತಲಿದಿಂಬಿನ ಹತ್ರ ಇಟ್ಕೊಂಡು ಮಲಗ್ರಿ.