ಮಾಡ್ಯೂಲ್ ಲೋಡ್ ಆಗ್ಲಿಲ್ಲಂದ್ರ ಶೆಲ್ ಅಲ್ಲೇ ನಿಲ್ಲಬೇಕಲ್ಲೇನ್ರಿ?

ಹುಬ್ಬಳ್ಳಿ_ಪುಣೆ:
ನಮಸ್ಕಾರ್ರಿ. ನಾ ಪುಣೆದಾಗ ಪಿಎಚ್‌ಡಿ ಮಾಡ್ಲಿಕ್ಕತ್ತೀನಿ, ಲ್ಯಾಬಿನ ಕ್ಲಸ್ಟರ್‌ಗೆ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳು) ದಿನಾ ಜಾಬ್, ಅಂದ್ರ ತಾನಾಗೇ ಓಡೋ ಕೆಲಸ, ಹಾಕ್ತಿರ್ತೀನಿ. ಹೋದ ಶುಕ್ರವಾರ ಸಂಜಿಗೆ ಒಂದು ಜಾಬ್ ಹಾಕಿ ಸ್ವಾರ್‌ಗೇಟಿನಾಗ ಹುಬ್ಬಳ್ಳಿ ಬಸ್ ಹತ್ತಿದೆ. ಸ್ಕ್ರಿಪ್ಟಿನಾಗ ಜಿಸಿಸಿ 12 ಕಂಪೈಲರಿನ ಮಾಡ್ಯೂಲ್ (ಬೇಕಾದ ಸಾಫ್ಟ್‌ವೇರ್ ವರ್ಷನ್ ಹಚ್ಚಿಕೊಡೋದು) ಲೋಡ್ ಮಾಡು ಅಂತಿತ್ತು, ಅದನ್ನ ಯಾರೋ ತಗದು 13 ಹಾಕ್ಯಾರ, ಹಿಂಗಾಗಿ ಲೋಡ್ ಆಗಿಲ್ಲ, ಆದ್ರ ಶೆಲ್ (ಕಮಾಂಡ್ ಓದಿ ಓಡಸೋ ಪ್ರೋಗ್ರಾಂ) ನಿಲ್ಲಲೇ ಇಲ್ಲ, ಸಿಸ್ಟಮ್ಮಿನ ಹಳೇ ಕಂಪೈಲರ್ ಹಿಡಕೊಂಡು ಕೋಡ್ ಬಿಲ್ಡ್ ಮಾಡಿ ಎರಡೂವರಿ ದಿನ ಓಡೇದ. ಸೋಮವಾರ ಬಂದು ನೋಡಿದ್ರ ಸ್ಟೇಟಸ್ ಕಂಪ್ಲೀಟೆಡ್, ಎಕ್ಸಿಟ್ ಕೋಡ್ ಸೊನ್ನೆ, ಅಂದ್ರ ಎಲ್ಲಾ ಸರಿ ಅಂತ! ಎರರ್ ಫೈಲ್ ತಗದ್ರ ಮೊದಲನೇ ಸಾಲಿನಾಗ 'ಮಾಡ್ಯೂಲ್ ಸಿಗಲಿಲ್ಲ' ಅಂತದ, ಅದರ ಕೆಳಗ ಸಾವಿರಾರು ಸಾಲು ವಾರ್ನಿಂಗ್. ಎರರ್ ಬಂದ್ರ ಅಲ್ಲೇ ನಿಲ್ಲು ಅನ್ನೋ ಸೆಟ್ ಮೈನಸ್ ಇ ಹಾಕಿದ್ದೆ, ಅದೂ ಹಿಡೀಲಿಲ್ಲ. ಯಾಕ?

ಡೊಂಬಿವಲಿಯವ:
ಬೇಜಾರಾಯ್ತು ಮಾರಾಯ್ರೆ. ನನ್ನ ಪ್ರಕಾರ ಇಲ್ಲಿ ಎರಡು ಬೇರೆ ಸಂಗತಿ ಉಂಟು. ಎದುರಿಗೆ ಮನುಷ್ಯ ಕೂತು ಟೈಪ್ ಮಾಡ್ತಿದ್ರೆ ಎರರ್ ತೋರಿಸಿ ಪ್ರಾಂಪ್ಟ್ ವಾಪಸ್ ಕೊಟ್ರೆ ಸಾಕು, ಸ್ಕ್ರಿಪ್ಟ್ ಆದ್ರೆ ಅಲ್ಲೇ ನಿಲ್ಲಲೇಬೇಕು, ಯಾಕಂದ್ರೆ ನೋಡ್ಲಿಕ್ಕೆ ಯಾರೂ ಇರುದಿಲ್ಲ. ಪೊಸಿಕ್ಸ್ ಅನ್ನುವ ಸ್ಟ್ಯಾಂಡರ್ಡ್ ಡಾಟ್ ಕಮಾಂಡಿಗೆ (ಬೇರೆ ಫೈಲ್ ಓದಿ ಓಡಿಸುವಂಥದ್ದು) ಹೇಳುದೂ ಇದನ್ನೇ: ಫೈಲ್ ಸಿಗದಿದ್ರೆ ಸ್ಕ್ರಿಪ್ಟ್ ಓಡಿಸ್ತಿರುವ ಶೆಲ್ ಮುಗಿಬೇಕು, ಇಂಟರಾಕ್ಟಿವ್ ಶೆಲ್ ಮುಗಿಬಾರದು. ಡ್ಯಾಶ್ ಅನ್ನುವ ಶೆಲ್ ಹಾಗೇ ಮಾಡ್ತದೆ. ಬ್ಯಾಶ್ ಅನ್ನುವ ಶೆಲ್ ಮಾತ್ರ ಪೊಸಿಕ್ಸ್ ಮೋಡಲ್ಲಿ ಇಲ್ಲದಿದ್ರೆ ಮುಂದಿನ ಸಾಲಿಗೆ ಹೋಗ್ತದೆ. ಪವರ್‌ಶೆಲ್ಲೂ ಅಷ್ಟೆ, ಇಂಪೋರ್ಟ್ ಮಾಡ್ಯೂಲಿಗೆ ಎರರ್‌ಆಕ್ಷನ್ ಸ್ಟಾಪ್ ಕೊಡದಿದ್ರೆ ಕೆಂಪಕ್ಷರ ತೋರಿಸಿ ಮುಂದೆ ಹೋಗ್ತದೆ. ಇದು ನಂಗೆ ಸರಿ ಕಾಣುದಿಲ್ಲ.

ವಾಸ್ಕೊ_ಕಾರವಾರ:
ಸೆಟ್ ಮೈನಸ್ ಇ ಯಾಕೆ ಹಿಡೀಲಿಲ್ಲ ಅಂದ್ರೆ, ಮಾಡ್ಯೂಲ್ ಅನ್ನೋದು ಪ್ರೋಗ್ರಾಂ ಅಲ್ಲ, ಒಂದು ಶೆಲ್ ಫಂಕ್ಷನ್, ಹಿಂದೆ ಇರೋ ಪ್ರೋಗ್ರಾಂ ಏನು ಪ್ರಿಂಟ್ ಮಾಡ್ತದೋ ಅದನ್ನ ಇವ್ಯಾಲ್ ಮಾಡ್ತದೆ, ಅಂದ್ರೆ ಕಮಾಂಡ್ ಅಂತ ಓಡಿಸ್ತದೆ. ಈ ಎನ್ವಿರಾನ್ಮೆಂಟ್ ಮಾಡ್ಯೂಲ್ಸ್ ಸಾಫ್ಟ್‌ವೇರಿನ ಹಳೇ 3.2 ವರ್ಷನ್ ಆದ್ರೆ ಲೋಡ್ ಸೋತ್ರೂ ಸೊನ್ನೆನೇ ಬರ್ತದೆ, ಶೆಲ್ಲಿಗೆ ಗೊತ್ತಾಗೋದಾದ್ರೂ ಹೇಗೆ? 2017ರ 4.0 ಇಂದ ಸರಿಯಾಗಿದೆ. ನಿಮ್ಮಲ್ಲಿ ಯಾವ್ದಿದೆ ನೋಡಿ. ಹಳೇದಾದ್ರೆ ಲೋಡ್ ಆದ್ಮೇಲೆ ಕಮಾಂಡ್ ಮೈನಸ್ ವಿ ಜಿಸಿಸಿ ಹಾಕಿ, ಜಿಸಿಸಿ ಎಲ್ಲಿದೆ ಅಂತ ತೋರಿಸ್ತದೆ, ಪಾತ್ ಇನ್ನೂ ಸಿಸ್ಟಮ್ಮಿನ ಯುಎಸ್‌ಆರ್ ಬಿನ್ ಅಂತಾನೇ ಬಂದ್ರೆ ಎಕ್ಸಿಟ್ 1 ಕೊಟ್ಟು ನಿಲ್ಲಿಸಿ.

ಒಂದು ಮಾತು, ಆ ಎಕ್ಸಿಟ್ಟನ್ನ ಬ್ಯಾಶ್‌ಆರ್‌ಸಿ (ಬ್ಯಾಶ್ ಶುರುವಾಗುವಾಗ ಓದೋ ಫೈಲ್) ಒಳಗೆ ಮಾತ್ರ ಹಾಕ್ಬೇಡಿ. ನಾನು ಹಾಕಿದ್ದೆ, ಲಾಗಿನ್ ಆದ ಕೂಡ್ಲೇ ಕನೆಕ್ಷನ್ ಕಟ್, ಫೈಲ್ ಸರಿ ಮಾಡೋಣ ಅಂದ್ರೆ ಫೈಲ್ ಕಳಿಸೋ ಎಸ್‌ಸಿಪಿನೂ ಅದೇ ಬ್ಯಾಶ್‌ಆರ್‌ಸಿ ಓದಿ ಸಾಯ್ತಿತ್ತು, ಕೊನೆಗೆ ಅಡ್ಮಿನ್ ಅದರ ಹೆಸರು ಬದಲಿಸಿದ ಮೇಲೇ ಒಳಗೆ ಹೋಗೋಕೆ ಆಗಿದ್ದು.

ಹುಬ್ಬಳ್ಳಿ_ಪುಣೆ:
ನೋಡಿದ್ನಿರಿ, 3.2ನೇ ಅದ. ಪಾತ್ ಚೆಕ್ ಹಾಕಿ, ಬೇಕಂತ ಇಲ್ಲದ ವರ್ಷನ್ ಕೊಟ್ಟು ಜಾಬ್ ಹಾಕಿದೆ, ಶುರುವಾದ ಕೂಡ್ಲೇ ಫೇಲ್ಡ್ ಅಂತ ಬಂತು. ಇಬ್ಬರಿಗೂ ಭಾಳ ಥ್ಯಾಂಕ್ಸ್ ರಿ. 4.0 ಹಾಕ್ರಿ ಅಂತ ಅಡ್ಮಿನ್‌ಗೆ ಇವತ್ತೇ ಮೇಲ್ ಬರದೀನಿ.