ಮಳಿಗಾಲದಾಗ ಸದಾಪುಷ್ಪದ ಬುಡ ಕೊಳೀಲತ್ತದ

ಪ್ರಶ್ನೆ (ಕಲಬುರಗಿ): ಅಂಗಳದ ಎರಿ ಮಣ್ಣಾಗ ಸದಾಪುಷ್ಪ ಹಚ್ಚೀನ್ರಿ. ಬ್ಯಾಸಗ್ಯಾಗ ಮೈತುಂಬ ಹೂ ಇತ್ತು. ಮಳಿ ಹಿಡದ ಮ್ಯಾಲ ಬುಡ ಕರ್ರಗಾಗಿ ಎಲಿ ಜೋತು ಬಿದ್ದಾವ. ಏನ್ ಮಾಡ್ಲಿ?

ಉತ್ತರ (ಬೀದರ್): ಅಕ್ಕಾರ, ಅದು ಮಡಗಾಸ್ಕರ್ ಗಿಡ, ಬಿಸಲಿಗಿ ಅಂಜಂಗಿಲ್ಲ. ನಿಂತ ನೀರೇ ವೈರಿ, ಎರಿ ನೀರು ಹಿಡದಿಡ್ತದ. ನಮ್ಮ ಕಡಿ ಕೆಂಪು ಮಣ್ಣಾಗ ಕಲ್ಲಿನ ಸಂದಿಗೂ ಹುಟ್ತದ! ಎರಿಗಿ ಕೆಂಪು ಮಣ್ಣು, ಉಸುಕು, ಒಂದಿಷ್ಟು ಹಳೀ ತಿಪ್ಪಿಗೊಬ್ಬರ ಕೂಡಿಸಿ ಮಡಿ ಎತ್ತರ ಮಾಡ್ರಿ. ಕೊಳೆತ ಗಿಡ ಕಿತ್ತೊಗೀರಿ. ಚಲೋ ಇದ್ದ ಗಿಡದ ಟೊಂಗಿ ಮುರದು ಹಚ್ಚಿದ್ರ ಬೇರು ಬಿಡ್ತದ.

ಪ್ರಶ್ನೆ: ಸಕ್ಕರಿ ಕಾಯಿಲಿಗಿ ಎಲಿ ತಿನ್ನಬಹುದೇನ್ರಿ? ಅತ್ತಿ ಕೇಳ್ಲತ್ತಾರ.

ಉತ್ತರ: ಬ್ಯಾಡ್ರಿ, ಎಲಿಯಾಗ ವಿಷ ಅದ. ಇದರಿಂದ ತೆಗೆಯೋ ವಿನ್‌ಕ್ರಿಸ್ಟಿನ್ ರಕ್ತದ ಕ್ಯಾನ್ಸರಿಗಿ ದವಾಖಾನ್ಯಾಗ ಅಳತಿ ನೋಡಿ ರಕ್ತನಾಳಕ್ಕ ಕೊಡೋ ಔಷಧ. ಅತ್ತಿಯವರಿಗಿ ಡಾಕ್ಟರ್ ಬರದ ಗುಳಿಗೀನೇ ಕೊಡ್ರಿ.