ಪದಚರ್ಚೆ: ‘ನ್ಯಾಚುರಲ್ ಕಿಲ್ಲರ್ ಸೆಲ್’, ‘ಇನ್‌ಹಿಬಿಟರಿ ರಿಸೆಪ್ಟರ್’

ಮಾನ್ಯರೇ,
ಕ್ಯಾನ್ಸರ್ ರೋಗಿಗಳಿಗಾಗಿ ಅನುವಾದಿಸುತ್ತಿರುವ ಕೈಪಿಡಿ ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಮೇಲಿನ ಪದಗಳಿಗೆ ‘ನೈಸರ್ಗಿಕ ಮಾರಕ ಕೋಶ’, ‘ನಿರೋಧಕ ಗ್ರಾಹಕ’ ಎಂದು ಬರೆದಿದ್ದೇನೆ. ಇವು ಸರಿಯೇ ಎಂದು ದಯವಿಟ್ಟು ತಿಳಿಸಿರಿ.

ಉತ್ತರ 1:
ನೀವು ಬಳಸಿದ ಐದೂ ಪದಗಳು ಸಂಸ್ಕೃತದ ಎರವಲು. ‘ಕೊಲ್’ ಎಂಬ ಬೇರು ತಮಿಳು, ಮಲಯಾಳಗಳಲ್ಲಿಯೂ ಇದೆ, ನಮ್ಮಲ್ಲಿಯೂ ಇದೆ. ‘ಕೊಲ್ಲುಗೂಡು’ ಎನ್ನಿರಿ, ಸಾಕು.

ಉತ್ತರ 2:
ಸಾಲದು. ಕೊಲ್ಲುವ ಟಿ ಕೋಶಗಳೆಂಬ ಬೇರೆ ಬಗೆಯ ಬಿಳಿ ರಕ್ತಕೋಶಗಳೂ ಇರುವುದರಿಂದ ಬರಿಯ ‘ಕೊಲ್ಲುಗೂಡು’ ಯಾವುದನ್ನೂ ಗುರುತಿಸುವುದಿಲ್ಲ. 1975ರಲ್ಲಿ ಸ್ಟಾಕ್‌ಹೋಮಿನ ಕರೋಲಿನ್‌ಸ್ಕಾ ಸಂಸ್ಥೆಯಲ್ಲಿ ರೋಲ್ಫ್ ಕೀಸ್ಲಿಂಗ್ ಮತ್ತು ಸಂಗಡಿಗರು, ಮುಂಚಿತವಾಗಿ ಯಾವ ಪ್ರಚೋದನೆಯನ್ನೂ ಪಡೆಯದ ಇಲಿಗಳ ಗುಲ್ಮದ ಕೋಶಗಳು ರಕ್ತಕ್ಯಾನ್ಸರಿನ ಕೋಶಗಳನ್ನು ಕೊಲ್ಲುವುದನ್ನು ಕಂಡು ‘ನ್ಯಾಚುರಲ್ ಕಿಲ್ಲರ್’ ಎಂಬ ಹೆಸರನ್ನಿಟ್ಟರು. ಪೂರ್ವಸಿದ್ಧತೆಯಿಲ್ಲದೆ ಕೊಲ್ಲಬಲ್ಲುದು ಎಂಬುದೇ ಅದರ ಅರ್ಥವಾದ್ದರಿಂದ ‘ಸಹಜ’ ಬೇಕು, ‘ನೈಸರ್ಗಿಕ’ ಬೇಡ. ‘ಮಾರಕ’ವನ್ನು ರೋಗಿ ಓದುವುದು ‘ಮಾರಕ ಕಾಯಿಲೆ’ ಎಂಬಲ್ಲಿ. ತನ್ನನ್ನು ಕಾಯುವ ಕೋಶಕ್ಕೆ ಆ ಹೆಸರು ಅವನನ್ನು ಹೆದರಿಸುತ್ತದೆ. ಕೇಡನ್ನು ಅಳಿಸುವುದಕ್ಕೆ ನಮ್ಮಲ್ಲಿ ‘ಸಂಹಾರ’ವಿದೆ: ‘ಸಹಜ ಸಂಹಾರಕ ಕೋಶ’ ಎನ್ನೋಣ.

‘ಗ್ರಾಹಕ’ನೆಂದರೆ ಅಂಗಡಿಗೆ ಬರುವ ಗಿರಾಕಿ, ‘ಗ್ರಾಹಿ’ ಸಾಕು. ಹೆಚ್ಚಿನ ತೊಡಕಿರುವುದು ‘ನಿರೋಧಕ’ದಲ್ಲಿ. ‘ರೋಗನಿರೋಧಕ ಶಕ್ತಿ’ಯ ಬಗ್ಗೆಯೇ ಇರುವ ಕೈಪಿಡಿಯಲ್ಲಿ, ಆ ಶಕ್ತಿಯನ್ನು ಹಿಡಿದು ನಿಲ್ಲಿಸುವ ಅಣುವಿಗೂ ಅದೇ ಪದವನ್ನಿಟ್ಟರೆ ಓದುಗನು ನೇರ ವಿರುದ್ಧಾರ್ಥವನ್ನು ತೆಗೆದುಕೊಳ್ಳುತ್ತಾನೆ. ಆರೋಗ್ಯವಂತ ಕೋಶದ ಮೇಲ್ಮೈಯಲ್ಲಿ ದೇಹದ ಸ್ವಂತ ಗುರುತಿನಂತಿರುವ ಎಚ್‌ಎಲ್‌ಎ ಅಣುಗಳನ್ನು ಸಂಹಾರಕ ಕೋಶದ ಮೇಲಿನ ಈ ಗ್ರಾಹಿಗಳು ಗುರುತಿಸಿದಾಗ ದಾಳಿ ನಿಲ್ಲುತ್ತದೆ. ಟಿ ಕೋಶಗಳಿಂದ ತಪ್ಪಿಸಿಕೊಳ್ಳಲು ಗಡ್ಡೆಯ ಕೋಶವು ಆ ಅಣುಗಳನ್ನು ಕಳೆದುಕೊಂಡರೆ ತಡೆ ಸಡಿಲವಾಗುತ್ತದೆ. 1980ರ ದಶಕದಲ್ಲಿ ಸ್ವೀಡನ್ನಿನ ವಿಜ್ಞಾನಿ ಕ್ಲಾಸ್ ಕಾರೆ ಮುಂದಿಟ್ಟ ವಿಚಾರವಿದು. ಆದ್ದರಿಂದ ‘ತಡೆಗ್ರಾಹಿ’ ಎನ್ನಿರಿ.

ಉತ್ತರ 1:
‘ತಡೆಗ್ರಾಹಿ’ ಕನ್ನಡ, ಸಂಸ್ಕೃತ ಪದಗಳನ್ನು ಬೆಸೆದ ಅರಿಸಮಾಸ. ಒಪ್ಪಲಾಗದು.

ಉತ್ತರ 2:
‘ತಡೆಯಾಜ್ಞೆ’ಯೂ ಅರಿಸಮಾಸವೇ, ನ್ಯಾಯಾಲಯವೂ ಪತ್ರಿಕೆಗಳೂ ಅದನ್ನು ದಿನವೂ ಬಳಸುತ್ತಿವೆ. ಎರವಲು ಪದವಿರಲಿ, ಬೆರಕೆ ಸಮಾಸವಿರಲಿ, ಅರ್ಥವನ್ನು ಕೆಡಿಸದಿದ್ದರೆ ನನ್ನ ಆಕ್ಷೇಪವಿಲ್ಲ. ಪ್ರಶ್ನೆ ಕೇಳಿದವರು ಇದರ ಜೋಡಿಪದವನ್ನೂ ಗಮನಿಸಬೇಕು: ಒತ್ತಡಕ್ಕೊಳಗಾದ ಕೋಶಗಳ ಮೇಲೆ ಮೂಡುವ ಎಂಐಸಿಎ ಅಣುವನ್ನು ಹಿಡಿದು ದಾಳಿಗೆ ಪ್ರೇರೇಪಿಸುವ ಎನ್‌ಕೆಜಿ2ಡಿ ‘ಪ್ರೇರಕ ಗ್ರಾಹಿ’. ಕೈಪಿಡಿಗೆ ಈ ವಾಕ್ಯ ಹೊಂದೀತು: “ತಡೆಗ್ರಾಹಿಗಳಿಗಿಂತ ಪ್ರೇರಕ ಗ್ರಾಹಿಗಳ ಸಂಕೇತ ಬಲವಾದಾಗ ಸಹಜ ಸಂಹಾರಕ ಕೋಶವು ದಾಳಿ ಮಾಡುತ್ತದೆ, ಕೆಲವು ಗಡ್ಡೆಗಳು ತಮ್ಮ ಮೇಲ್ಮೈಯ ಎಂಐಸಿಎ ಅಣುಗಳನ್ನು ಉದುರಿಸಿ ತಪ್ಪಿಸಿಕೊಳ್ಳುತ್ತವೆ.”